ಗಡಿ ಅಳಿದ ಮೇಲೆ ಕ್ಯಾಸಲ್‌ರಾಕ್

ಸಾಮಾನ್ಯವಾಗಿ ಊರಿಗಾಗಿ ರೈಲು ನಿಲ್ದಾಣ ಹುಟ್ಟುತ್ತದೆ. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಅರಣ್ಯದ ನಡುವಿರುವ ಕ್ಯಾಸಲ್‌ರಾಕ್‌ನಲ್ಲಿ ನಿಲ್ದಾಣದ ಸುತ್ತ ಊರು ಬೆಳೆಯಿತು.

ಬ್ರಿಟಿಷರೂ ಪೋರ್ಚುಗೀಸರೂ 1878ರಲ್ಲಿ ಮಾಡಿಕೊಂಡ ಒಪ್ಪಂದದ ಫಲವಾಗಿ ಮುರಗಾಂವ ಬಂದರಿನಿಂದ ಹೊರಟ ರೈಲುಹಳಿ, ದೂಧ್‌ಸಾಗರ ಜಲಪಾತದ ಮಗ್ಗುಲಲ್ಲಿ ಕಡಿದಾದ ಘಟ್ಟವನ್ನೇರಿ, 1888ರ ವೇಳೆಗೆ ಇಲ್ಲಿ ಬ್ರಿಟಿಷ್ ಭಾರತದ ಹಳಿಯನ್ನು ಕೂಡಿತು. ಗಡಿಯ ನಿಲ್ದಾಣವಾದ್ದರಿಂದ ಸುಂಕದ ತಪಾಸಣೆ ಇಲ್ಲಿಯೇ ನಡೆಯುತ್ತಿತ್ತು. 1955ರಲ್ಲಿ ಭಾರತಕ್ಕೂ ಪೋರ್ಚುಗಲ್ಲಿಗೂ ಗೋವೆಯ ಸಂಬಂಧವಾಗಿ ವೈಮನಸ್ಯ ಬಲಿತು, ಗಡಿಯಾಚೆಯ ರೈಲು ಸಂಚಾರವೇ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯಾದಾಗ ಆ ಗಡಿ ಅಳಿಯಿತು. ಅದರೊಡನೆ ಸುಂಕದ ಕಟ್ಟೆಯ ಪ್ರಾಮುಖ್ಯವೂ ಅಳಿಯಿತು.

ಗಡಿ ಹೋದರೂ ವಿವಾದ ಹೋಗಲಿಲ್ಲ. ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗೆ ಜೋಡಿ ಹಳಿ ಹಾಕಲು ವನ್ಯಜೀವಿ ಮಂಡಳಿ ನೀಡಿದ್ದ ಅನುಮೋದನೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಕಾಡಿನ ಪರವಾಗಿ ವಾದಿಸುವವರು ದೊರೆತದ್ದು ಸಂತೋಷವೇ. ಆದರೆ ಊರಿನ ಪರವಾಗಿ ಯಾರು?

ಒಪ್ಪಂದ, ಸುಂಕ, ಸಂಚಾರ ಸ್ಥಗಿತ, ಜೋಡಿ ಹಳಿ – ಇವೆಲ್ಲವೂ ದೂರದ ರಾಜಧಾನಿಗಳಲ್ಲಿ ಆಲೋಚಿಸಿದ ವಿಷಯಗಳು. ಪರಿಣಾಮವನ್ನು ಉಂಡವರು ಹಳಿಯ ಬದಿಯ ಜನರು. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದೆಂಬುದು ನೀತಿಶಾಸ್ತ್ರದ ಮೂಲಪಾಠ. ಊರಿಗೂ ಅದೇ ನ್ಯಾಯ ಸಲ್ಲಬೇಕು. ಘಟ್ಟವಿಳಿಯುವ ಸರಕಿಗೂ ಜಲಪಾತ ನೋಡಹೋಗುವ ಪ್ರವಾಸಿಗೂ ಕ್ಯಾಸಲ್‌ರಾಕ್ ಒಂದು ದಾರಿ ಮಾತ್ರ. ಅಲ್ಲಿ ಬಾಳುವವರಿಗೆ ಅದು ಮನೆ. ಹಳಿಯ ಕುರಿತು ಮುಂದಿನ ನಿರ್ಣಯ ಯಾವುದೇ ಇರಲಿ, ಮೊದಲು ಆ ಮನೆಯವರನ್ನು ಕೇಳಬೇಕು.