ಅಳಲೆಕಾಯಿ ಪಂಡಿತ

ಮಕ್ಕಳೇ, ವೈದ್ಯ ಕಲಿಯದೆ ಔಷಧಿ ಕೊಡುವವನಿಗೆ ಕನ್ನಡದಲ್ಲಿ ‘ಅಳಲೆಕಾಯಿ ಪಂಡಿತ’ ಎಂಬ ಹೆಸರಿದೆ. ಕೇಳಿಲ್ಲದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿ, ನಕ್ಕು ಹೇಳುತ್ತಾರೆ. ಕಳೆದ ಚಳಿಗಾಲದಲ್ಲಿ ಈ ಬಿರುದು ನನಗೆ ಸಿಕ್ಕಿತು. ಕೊಟ್ಟವಳು ನನ್ನ ಹೆಂಡತಿ.

ಮಗ, ಸೊಸೆ ಒಂದು ಮದುವೆಗೆಂದು ಪರಊರಿಗೆ ಹೋಗಿದ್ದರು. ಎಂಟು ವರ್ಷದ ಮೊಮ್ಮಗ ನಮ್ಮ ಜೊತೆ ಉಳಿದಿದ್ದ. ಸಂಜೆ ಶಾಲೆಯಿಂದ ಬಂದವನು “ತಾತ, ಉಗುಳು ನುಂಗಿದರೆ ಚುಚ್ಚುತ್ತೆ” ಅಂದ. ಮೈ ಮುಟ್ಟಿದರೆ ಬಿಸಿ. ಇಷ್ಟಕ್ಕೆಲ್ಲ ಡಾಕ್ಟರೇ ಎಂದುಕೊಂಡು ಸಾಣೆಕಲ್ಲು ತೆಗೆದೆ. ಅಳಲೆಕಾಯಿ ತೇಯ್ದು, ಜೇನು ಬೆರೆಸಿ ನೆಕ್ಕಿಸಿದೆ. ನನ್ನ ಅಜ್ಜಿ ನನಗೆ ಮಾಡುತ್ತಿದ್ದುದೂ ಅದನ್ನೇ. ಮರುದಿನ ಕೇಳಿದರೆ “ಸ್ವಲ್ಪ ಕಡಿಮೆ” ಅಂದ. ಆ ಒಗರು ಮತ್ತೆ ನೆಕ್ಕುವುದು ತಪ್ಪಲಿ ಎಂದು ಹಾಗೆ ಹೇಳಿದ್ದನಂತೆ, ಅದು ನನಗೆ ಆಮೇಲೆ ತಿಳಿಯಿತು. “ರೀ, ಡಾಕ್ಟರ ಹತ್ತಿರ ಕರಕೊಂಡು ಹೋಗೋಣ” ಎಂದು ನಮ್ಮಾಕೆ ಎರಡು ಸಲ ಹೇಳಿದಳು. “ಇದಕ್ಕೆ ಕ್ರಿಮಿ ಕೊಲ್ಲುವ ಶಕ್ತಿ ಇದೆ, ಸಂಶೋಧನೆಯೇ ಆಗಿದೆ” ಎಂದು ನಾನು ಎಲ್ಲೋ ಓದಿದ್ದನ್ನು ಒಪ್ಪಿಸಿದೆ. ಮೂರನೆಯ ಬೆಳಗ್ಗೆ ಜ್ವರ 103 ಡಿಗ್ರಿ. ಕುತ್ತಿಗೆಯ ಎರಡೂ ಕಡೆ ಗಂಟು.

ಆಟೋ ಹಿಡಿದು ಓಡಿದೆವು. ಅಲ್ಲೇ, ಆಟೋದಲ್ಲಿ, ನನಗೆ ಆ ಬಿರುದು ಪ್ರದಾನವಾದದ್ದು.

ನಾನು ಓದಿದ್ದು ಸುಳ್ಳಾಗಿರಲಿಲ್ಲ. ಅದೇ ಇಲ್ಲಿನ ಕಷ್ಟ. ಅಳಲೆಕಾಯಿ ನಿಜಕ್ಕೂ ಸಾಮಾನ್ಯ ಕಾಯಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಹಳದಿ ಬೆರೆತ ಕಂದು ಬಣ್ಣ, ಉದ್ದಕ್ಕೂ ಐದು ಏಣು, ಕಲ್ಲಿನಷ್ಟು ಗಟ್ಟಿ. ಸಂಸ್ಕೃತದಲ್ಲಿ ಹರೀತಕಿ, ಅಭಯಾ ಎಂದೂ ಹೆಸರು. ನೆಲ್ಲಿಕಾಯಿ, ತಾರೆಕಾಯಿ ಜೊತೆ ಸೇರಿದರೆ ತ್ರಿಫಲ. ಆರು ರುಚಿಗಳಲ್ಲಿ ಉಪ್ಪೊಂದನ್ನು ಬಿಟ್ಟು ಐದೂ ಇದರಲ್ಲಿವೆ ಎನ್ನುತ್ತದೆ ಆಯುರ್ವೇದ. ನನ್ನ ನಾಲಗೆಗೆ ಮಾತ್ರ ಎಂದೂ ಒಗರು ಬಿಟ್ಟು ಬೇರೇನೂ ಸಿಕ್ಕಿಲ್ಲ. ಟಿಬೆಟಿನವರ ಚಿತ್ರಗಳಲ್ಲಿ ನೀಲಿ ಮೈಯ ವೈದ್ಯಬುದ್ಧ ಕೈಯಲ್ಲಿ ಹಿಡಿದಿರುವುದೂ ಇದರದೇ ರೆಂಬೆ.

ಆ ಒಗರಿನಲ್ಲೇ ಎಲ್ಲ ಗುಟ್ಟೂ ಇದೆ. ಒಣಗಿದ ಕಾಯಿಯ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಟ್ಯಾನಿನ್ ಎಂಬ ವಸ್ತು. ಪ್ರೋಟೀನ್ ಕಂಡರೆ ಹೋಗಿ ಅಂಟಿಕೊಂಡುಬಿಡುವುದು ಅದರ ಸ್ವಭಾವ. ನಮ್ಮ ಉಗುಳಿನಲ್ಲಿ ಬಾಯಿಯನ್ನು ನುಣುಪಾಗಿಡುವ ಪ್ರೋಟೀನ್ ಇರುತ್ತದೆ. ಟ್ಯಾನಿನ್ ಅದನ್ನು ಹಿಡಿದು ಗಂಟು ಕಟ್ಟಿಸುತ್ತದೆ, ನಾಲಗೆ ಒರಟಾಗುತ್ತದೆ. ಅದಕ್ಕೇ ನೀವು ಮುಖ ಕಿವುಚುವುದು. ಹಸಿ ಚರ್ಮದ ಪ್ರೋಟೀನಿಗೆ ಅಂಟಿದರೆ ಚರ್ಮ ಕೊಳೆಯದೆ ಹದವಾಗುತ್ತದೆ. ಚರ್ಮ ಹದ ಮಾಡಲೆಂದೇ ಬ್ರಿಟಿಷರ ಕಾಲದಲ್ಲಿ ಅಳಲೆಕಾಯಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಆಂಧ್ರದ ಕಲಂಕಾರಿ ಕಲಾವಿದರು ಬಣ್ಣ ಹಾಕುವ ಮೊದಲು ಬಟ್ಟೆಯನ್ನು ಅಳಲೆಕಾಯಿ ಮತ್ತು ಹಾಲಿನಲ್ಲಿ ಅದ್ದುತ್ತಾರೆ. ಕ್ರಿಮಿಗಳ ಮೈಯಲ್ಲೂ ಪ್ರೋಟೀನ್ ಇದೆಯಲ್ಲ? ಅಲ್ಲಿಗೂ ಟ್ಯಾನಿನ್ ಹೋಗಿ ಅಂಟಿಕೊಳ್ಳುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ರಿಮಿ ಬೆಳೆಸಿ ನಡುವೆ ಅಳಲೆಕಾಯಿ ಸಾರ ಇಟ್ಟರೆ, ಅದರ ಸುತ್ತ ಕ್ರಿಮಿ ಬೆಳೆಯದ ಒಂದು ಉಂಗುರ ಕಾಣುತ್ತದೆ. ಹಲ್ಲು ಹುಳುಕು ಮಾಡುವ ಕ್ರಿಮಿಯ ಮೇಲೂ ಹೀಗೆ ನೋಡಿದ್ದಾರೆ. ಅಳಲೆಕಾಯಿ ನೀರಿನಲ್ಲಿ ಬಾಯಿ ಮುಕ್ಕಳಿಸಿದವರ ಉಗುಳಿನಲ್ಲಿ ಆ ಕ್ರಿಮಿ ಕಡಿಮೆಯಾದದ್ದೂ ಕಂಡಿದೆ.

ನಾನು ಓದಿದ್ದು ಈ ಉಂಗುರದ ವಿಷಯ. ಓದದೆ ಬಿಟ್ಟದ್ದನ್ನು ಮಕ್ಕಳ ಡಾಕ್ಟರು ಹೇಳಿದರು. ಟಾರ್ಚ್ ಹಾಕಿ ಹುಡುಗನ ಗಂಟಲು ನೋಡಿ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ಲ್ಯಾಬಿಗೆ ಕಳಿಸಿದ ಮೇಲೆ “ಏನು ಕೊಟ್ಟಿದ್ದೀರಿ?” ಎಂದರು. ನಾಚಿಕೆಯಿಂದಲೇ ಹೇಳಿದೆ. ಅವರು ಬೈಯಲಿಲ್ಲ. “ಅಳಲೆಕಾಯಿ ಕೊಟ್ಟದ್ದು ತಪ್ಪಲ್ಲ ಸರ್. ಅದನ್ನು ಕೊಡುತ್ತಾ ಎರಡು ದಿನ ಕಾದದ್ದು ತಪ್ಪು” ಎಂದರು. ತಟ್ಟೆಯಲ್ಲಿ ಕ್ರಿಮಿ ಎದುರಿಗೇ ಇರುತ್ತದೆ. ಮನುಷ್ಯನ ಗಂಟಲಲ್ಲಿ ಅದು ಟಾನ್ಸಿಲಿನ ಒಳಗೆ ಹೊಕ್ಕು ಕೂತಿರುತ್ತದೆ. ನೆಕ್ಕಿದ ಟ್ಯಾನಿನ್ ಉಗುಳಿಗೆ, ಅನ್ನಕ್ಕೆ ಅಂಟಿಕೊಂಡು ಹೊಟ್ಟೆಗೆ ಇಳಿಯುತ್ತದೆ. ರಕ್ತಕ್ಕೆ ಸೇರುವುದು ತೀರ ಕಡಿಮೆ. ಟಾನ್ಸಿಲಿನ ಒಳಕ್ಕೆ ಔಷಧಿ ಮುಟ್ಟಬೇಕಾದರೆ ರಕ್ತದ ದಾರಿಯಲ್ಲೇ ಹೋಗಬೇಕು. ಪೆನಿಸಿಲಿನ್ ಕತೆಯೂ ಹೀಗೇ ಅಲ್ಲವೇ? ಫ್ಲೆಮಿಂಗ್ ತಟ್ಟೆಯಲ್ಲಿ ಅಂಥದೇ ಉಂಗುರ ಕಂಡದ್ದು 1928ರಲ್ಲಿ. ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್ ಮತ್ತವರ ಜೊತೆಗಾರರು ಅದನ್ನು ಶುದ್ಧಮಾಡಿ ಒಬ್ಬ ರೋಗಿಗೆ ಚುಚ್ಚಿದ್ದು 1941ರಲ್ಲಿ. ಉಂಗುರದಿಂದ ರೋಗಿಯವರೆಗೆ ಹದಿಮೂರು ವರ್ಷ. ನಾನು ಆ ದೂರವನ್ನು ಒಂದು ಸಾಣೆಕಲ್ಲಿನಲ್ಲಿ ದಾಟಲು ಹೊರಟಿದ್ದೆ.

ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುತ್ತವೆ, ತಾವಾಗಿಯೇ ಹೋಗುತ್ತವೆ, ಅವಕ್ಕೆ ಆ್ಯಂಟಿಬಯಾಟಿಕ್ ಬೇಡವೇ ಬೇಡ ಎಂದೂ ಅವರೇ ಹೇಳಿದರು. ನಮ್ಮ ಅಜ್ಜಿಯರ ಔಷಧಿಗೆ ಹೆಸರು ಬಂದದ್ದರಲ್ಲಿ ಇದರ ಪಾಲೂ ಇರಬೇಕು! ಆದರೆ ಮೊಮ್ಮಗನ ಲ್ಯಾಬಿನ ಚೀಟಿಯಲ್ಲಿ ಬಂದದ್ದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದನ್ನು ಹಾಗೇ ಬಿಟ್ಟರೆ ಕೆಲವು ಮಕ್ಕಳಿಗೆ ವಾರಗಳ ನಂತರ ಕೀಲುಗಳು ಊದಿಕೊಂಡು ಜ್ವರ ಬರುತ್ತದೆ, ಹೃದಯದ ಕವಾಟಗಳು ಕೆಡುತ್ತವೆ, ಕೆಟ್ಟದ್ದು ಜೀವನವಿಡೀ ಉಳಿಯಬಹುದು. ಇದನ್ನು ಕೇಳಿದಾಗ ನನ್ನ ಕೈ ನಡುಗಿತು. ಹತ್ತು ದಿನದ ಔಷಧಿ ಬರೆದರು. ಮೂರನೆಯ ದಿನಕ್ಕೇ ಹುಡುಗ ಕ್ರಿಕೆಟ್ ಬ್ಯಾಟ್ ಹಿಡಿದ. ಆದರೂ ಹತ್ತನೆಯ ದಿನದವರೆಗೆ ಒಂದೂ ತಪ್ಪದಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದವನು ನಾನೇ.

ಅಳಲೆಕಾಯಿಯನ್ನು ನಾನೇನೂ ಮನೆಯಿಂದ ಓಡಿಸಿಲ್ಲ. ಊಟ ಭಾರವಾದ ರಾತ್ರಿ ಒಂದು ಚಿಟಿಕೆ ಪುಡಿ ಬಿಸಿನೀರಿನಲ್ಲಿ ಈಗಲೂ ಇಳಿಯುತ್ತದೆ. ಆದರೆ ಒಳಲೆಯಲ್ಲಿ ತೇಯ್ದು ಎಳೆಗೂಸಿಗೆ ಹಾಕುವ ನಮ್ಮ ಪದ್ಧತಿ ಇದೆಯಲ್ಲ, ಅಜ್ಜಿಯರೇ, ಅದನ್ನು ದಯವಿಟ್ಟು ಬಿಡಿ. ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು. ಬಸುರಿಯರಿಗೂ ಇದು ಬೇಡ. ಕಬ್ಬಿಣದ ಮಾತ್ರೆ ನುಂಗುವವರು ಅದೇ ಹೊತ್ತಿಗೆ ಅಳಲೆಕಾಯಿ ತೆಗೆದುಕೊಳ್ಳಬೇಡಿ. ಯಾಕೆ ಎಂಬುದನ್ನು ಮಕ್ಕಳೇ ನಿಮಗೆ ತೋರಿಸುತ್ತಾರೆ.

ಮಕ್ಕಳೇ, ತೇಯ್ದ ಅಳಲೆಕಾಯಿಯನ್ನು ಕಾಲು ಲೋಟ ನೀರಿಗೆ ಹಾಕಿ. ಹಿರಿಯರ ಕೈಯಿಂದ ಒಂದೆರಡು ತುಕ್ಕು ಹಿಡಿದ ಮೊಳೆ ಅದರಲ್ಲಿ ಹಾಕಿಸಿ ರಾತ್ರಿಯಿಡೀ ಬಿಡಿ. ಕುಡಿಯಬಾರದು, ಬಟ್ಟೆಗೆ ತಾಗಿಸಬಾರದು. ಬೆಳಗ್ಗೆ ನೋಡಿದರೆ ಹಳದಿ ನೀರು ಕಪ್ಪಾಗಿರುತ್ತದೆ. ಟ್ಯಾನಿನ್ ಕಬ್ಬಿಣವನ್ನೂ ಹಾಗೆ ಹಿಡಿದುಕೊಳ್ಳುತ್ತದೆ; ಹೊಟ್ಟೆಯಲ್ಲೂ ಹಿಡಿದುಕೊಂಡರೆ ಮಾತ್ರೆಯ ಕಬ್ಬಿಣ ಮೈಗೆ ಸರಿಯಾಗಿ ಸೇರುವುದಿಲ್ಲ. ಹಿಂದಿನವರು ಅಳಲೆಕಾಯಿ, ಅನ್ನಭೇದಿ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದುದೂ ಹೀಗೆಯೇ.

ನಮ್ಮ ಮನೆಯಲ್ಲಿ ಈ ಪ್ರಯೋಗ ಮುಗಿದ ಮೇಲೆ ಮೊಮ್ಮಗ ಆ ಶಾಯಿಯಲ್ಲಿ ಕಡ್ಡಿ ಅದ್ದಿ ಒಂದು ಚೀಟಿ ಬರೆದು, ನನ್ನ ಔಷಧಿ ಡಬ್ಬಿಗೆ ಅಂಟಿಸಿದ. ಅಕ್ಷರ ಮೊದಲು ಮಸಕಾಗಿತ್ತು, ಕನ್ನಡಕ ಹಾಕಿದರೂ ಓದಲಾಗಲಿಲ್ಲ. ಮರುದಿನಕ್ಕೆ ಚೆನ್ನಾಗಿ ಕಪ್ಪಾಗಿತ್ತು: ‘ಅ. ಪಂ. ತಾತ. ಮುಟ್ಟುವ ಮೊದಲು ಅಜ್ಜಿಯನ್ನು ಕೇಳಿ.’