ವ್ಯಾನಿನೊಳಗೆ ಜಾಗ ಸಿಗದ್ದು ಬೆಟ್ಟದಲ್ಲಿ ಜಾಗ ಹಿಡಿಯುತ್ತದೆ

ಹಳೆಯ ವ್ಯಾನನ್ನು ಗುಜರಿಗೆ ಹಾಕದೆ, ಒಳಗೆ ಮಂಚ, ಅಡುಗೆ ಕಟ್ಟೆ, ಸಾಮಾನಿನ ಪೆಟ್ಟಿಗೆಗಳನ್ನು ತಾವೇ ಜೋಡಿಸಿ ಸಂಚಾರಿ ಮನೆ ಮಾಡಿಕೊಳ್ಳುವ ಹವ್ಯಾಸ ಕರ್ನಾಟಕದಲ್ಲೂ ಬೇರೂರುತ್ತಿದೆ. ಇದ್ದ ವಾಹನವನ್ನೇ ಬಾಳಿಸುವುದು, ಕಾಡಂಚಿನ ರೆಸಾರ್ಟುಗಳ ಹಂಗಿಲ್ಲದೆ ತಿರುಗುವುದು ಮೇಲ್ನೋಟಕ್ಕೆ ಪರಿಸರಸ್ನೇಹಿ ಕೆಲಸಗಳೇ. ಆದರೆ ಅವು ನಿಜಕ್ಕೂ ಹಾಗಿವೆಯೇ ಎಂಬುದನ್ನು ನಿರ್ಧರಿಸುವುದು ವ್ಯಾನಿನ ಒಳಾಂಗಣ.

ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ದಿಂಬಂ ಘಾಟಿಯಲ್ಲೂ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ವನ್ಯಜೀವಿಗಳ ದೃಷ್ಟಿಯಿಂದ ಇವು ಅತ್ಯಗತ್ಯ ಕ್ರಮಗಳು. ಇದರ ಫಲವಾಗಿ ಸಂಚಾರಿ ಮನೆಗಳು ರಾತ್ರಿ ತಂಗಬೇಕಾದದ್ದು ಗುಂಡ್ಲುಪೇಟೆ, ಚಾಮರಾಜನಗರ, ಚಂದಕವಾಡಿಯಂಥ ಬಯಲಿನ ಊರುಗಳ ಸುತ್ತಮುತ್ತ. ಬೆಳಿಗ್ಗೆ ಆ ವಾಹನ ಹೊರಟ ಮೇಲೆ ಕೆರೆಯ ಏರಿಯ ಮೇಲೆ, ಅರಿಸಿನದ ಹೊಲದ ಬದುವಿನ ಮೇಲೆ ಏನು ಉಳಿಯುತ್ತದೆ? ವ್ಯಾನಿನೊಳಗೆ ಜಾಗ ಸಿಗದೇ ಹೋದದ್ದೆಲ್ಲ ಅಲ್ಲಿ ಉಳಿಯುತ್ತದೆ.

ಆದ್ದರಿಂದ ಒಳಾಂಗಣದ ನಕ್ಷೆ ಮಂಚದಿಂದಲ್ಲ, ಕೊಳಕಿನಿಂದ ಆರಂಭವಾಗಬೇಕು. ಶುದ್ಧ ನೀರಿಗೆ 20 ಲೀಟರಿನ ಕ್ಯಾನಿಗೆ ಜಾಗವಿದ್ದರೆ, ತೊಳೆದ ನೀರನ್ನು ಹಿಡಿದಿಡಲು ಅಷ್ಟೇ ದೊಡ್ಡ ಇನ್ನೊಂದು ಕ್ಯಾನಿಗೂ ಜಾಗವಿರಬೇಕು. ಬಿಗಿ ಮುಚ್ಚಳದ ಕಸದ ಡಬ್ಬಿ, ಮರದ ಹೊಟ್ಟು ಅಥವಾ ಬೂದಿ ಹಾಕಿ ಬಳಸುವ ಒಣ ಶೌಚದ ಬಕೆಟ್ಟು, ಇವು ಮಂಚದಡಿಯಲ್ಲಿ ಅಲುಗಾಡದಂತೆ ಕೂರಬೇಕು. ಇವಿಷ್ಟಕ್ಕೆ ಜಾಗ ಸಾಲದಿದ್ದರೆ ಫ್ರಿಜ್ಜನ್ನು ಕೈಬಿಡುವುದೇ ಲೇಸು.

ಎರಡನೆಯದು ಸಾಮಗ್ರಿಯ ಪ್ರಶ್ನೆ. ಎಂಟಡಿ ಉದ್ದ, ನಾಲ್ಕಡಿ ಅಗಲದ 18 ಮಿ.ಮೀ. ಪ್ಲೈವುಡ್ ಹಲಗೆಯೊಂದೇ ಸುಮಾರು 30 ಕಿಲೋ ತೂಗುತ್ತದೆ. 2019ರಲ್ಲಿ ತಯಾರಿಕೆ ನಿಂತ ಮಾರುತಿ ಓಮ್ನಿಯ ಎಂಜಿನ್ 796 ಸಿಸಿ ಮಾತ್ರ. ಅಂಥ ವಾಹನಕ್ಕೆ ನಾಲ್ಕು ಹಲಗೆ ಹೇರಿ ಘಾಟಿ ಹತ್ತಿಸಿದರೆ ಇಂಧನವೂ ಬ್ರೇಕೂ ಸವೆಯುತ್ತವೆ. ಅಗ್ಗದ ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಬಿಸಿಲಿಗೆ ಕಾದ ಮುಚ್ಚಿದ ವ್ಯಾನಿನಲ್ಲಿ ಅದು ಇನ್ನಷ್ಟು ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಇದನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ.

ಪರ್ಯಾಯ ಈ ಸೀಮೆಯಲ್ಲೇ ಇದೆ. ಚಂದಕವಾಡಿಯ ಬಯಲಿನಿಂದ ಪೂರ್ವಕ್ಕೆ ಕಾಣುವ ಬಿಳಿಗಿರಿರಂಗನ ಬೆಟ್ಟದ ಕಾಡನ್ನೂ ಬಂಡೀಪುರವನ್ನೂ ಲಂಟಾನ ಆವರಿಸಿಕೊಂಡಿದೆ. ಹುಲ್ಲನ್ನು ಬೆಳೆಯಗೊಡದ, ಬೇಸಿಗೆಯಲ್ಲಿ ಬೆಂಕಿಗೆ ಉರುವಲಾಗುವ ಈ ಪರದೇಶಿ ಪೊದೆಯ ಕಡ್ಡಿಯನ್ನು ನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದರೆ ಬೆತ್ತದಂತೆ ಬಾಗುತ್ತದೆ. ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ 2000ರ ದಶಕದಲ್ಲಿ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗರು ಇದರಿಂದ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡಲು ಕಲಿತರು. ವ್ಯಾನಿನ ಕಪಾಟಿನ ಬಾಗಿಲು, ತರಕಾರಿ ಬುಟ್ಟಿ, ಅಡ್ಡಗೋಡೆಗಳಿಗೆ ಇದಕ್ಕಿಂತ ಹಗುರವಾದ, ಗಾಳಿಯಾಡುವ ವಸ್ತು ಬೇಕೇ? ಆದರೆ ಪ್ರವಾಸಿಗರು ತಾವೇ ಕಾಡಿಗೆ ನುಗ್ಗಿ ಕಡಿದು ತರಬಾರದು. ಕುಶಲಕರ್ಮಿಗಳಿಂದ ನ್ಯಾಯವಾದ ಬೆಲೆಗೆ ಕೊಳ್ಳಬೇಕು. ತಗಡಿನ ಛಾವಣಿಯ ಕಾವು ತಡೆಯಲು ಒಳಗೆ ಕುರಿ ಕಂಬಳಿಯ ಪದರ ಸಾಕು. ಉಣ್ಣೆ ತೇವವನ್ನು ಹೀರಿ ಬಿಟ್ಟುಕೊಡುತ್ತದೆ. ಥರ್ಮಾಕೋಲಿನಂತೆ ಸುಲಭವಾಗಿ ಬೆಂಕಿಯನ್ನೂ ಹಿಡಿಯುವುದಿಲ್ಲ.

ಸುರಕ್ಷತೆಯ ಮಾತನ್ನು ಮರೆಯುವಂತಿಲ್ಲ. ಮುಚ್ಚಿದ ವ್ಯಾನಿನಲ್ಲಿ ಒಲೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಎರವಾದೀತು. ಅಡುಗೆ ಬಾಗಿಲು ತೆರೆದೇ ಆಗಬೇಕು, ಮಲಗುವಾಗಲೂ ಎರಡು ಕಡೆ ಗಾಳಿ ಆಡಬೇಕು. ದೀಪದ ತಂತಿಗೆ ಬ್ಯಾಟರಿಯ ಬಳಿಯೇ ಫ್ಯೂಸ್ ಇರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರ ಬದಲಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಆಸನ ಕೀಳುವ, ಛಾವಣಿ ಕೊರೆಯುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು.

ಹಳೆಯ ವಾಹನಕ್ಕೆ ಮರುಜೀವ ಕೊಡುವ ಕೈಗಳು ಗೌರವಕ್ಕೆ ಅರ್ಹವಾದವು. ಆದರೆ ತಂಗಿದ ಊರಿಗೆ ಕೊಳಕು ನೀರನ್ನೂ ಕಸವನ್ನೂ ಬಿಟ್ಟುಹೋಗುವ ವ್ಯಾನು ಎಷ್ಟೇ ಚೆಂದವಾಗಿದ್ದರೂ ಹೊರೆಯೇ. ಬೆಟ್ಟದ ಊರುಗಳು ಅತಿಥಿಗಳನ್ನು ಬೇಡವೆನ್ನುವುದಿಲ್ಲ. ತಂದದ್ದನ್ನು ಹಿಂದಕ್ಕೆ ಒಯ್ಯಬೇಕೆಂದು ಮಾತ್ರ ಕೇಳುತ್ತವೆ.