ಬಿಲ್ ಇಳಿಸಲು ಮೊದಲು ಬೇಕಾದದ್ದು ಸೋಪಿನ ನೀರು

ಕಳೆದ ದೀಪಾವಳಿ ರಜೆಯಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ಕಾಕಾನ ವರ್ಕ್‌ಶಾಪ್‌ಗೆ ಹೋಗಿದ್ದೆ. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್, ಒಂದು ವೆಲ್ಡಿಂಗ್ ಸೆಟ್, ಮೂಲೆಯಲ್ಲಿ 5 ಎಚ್‌ಪಿಯ ಏರ್ ಕಂಪ್ರೆಸರ್. ಟ್ರ್ಯಾಕ್ಟರ್‌ಗೆ ಜೋಡಿಸುವ ಸಲಕರಣೆಗಳ ಬಿಡಿಭಾಗ ಮಾಡಿಕೊಡುವುದು ಅವರ ಕಸುಬು. ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಒಳಗೆ ಕಾಲಿಟ್ಟ ಕೂಡಲೇ ಕಾಕಾ ಕರೆಂಟ್ ಬಿಲ್ ಮುಂದೆ ಹಿಡಿದರು. ‘ಕರೆಂಟಿನ ವಿದ್ಯಾನ ಕಲಿಯಾಕತ್ತೀಯಲ್ಲವಾ, ಇದನ್ನ ಒಂಚೂರ ನೋಡು. ಹಿಂಗ ಆದ್ರ ಸಂಜಿಗೆ ಬರೋ ಹುಡುಗನ್ನ ಬಿಡಿಸಬೇಕಾಗತೈತಿ’ ಎಂದರು.

ಬಿಲ್ ಓದುವುದನ್ನು ಮೂರು ವರ್ಷದಲ್ಲಿ ಯಾರೂ ನನಗೆ ಕಲಿಸಿರಲಿಲ್ಲ ಎಂಬುದು ಗೊತ್ತಾದದ್ದು ಆಗಲೇ. ಟ್ರಾನ್ಸ್‌ಫಾರ್ಮರ್‌ನ ಫೇಸರ್ ಡಯಾಗ್ರಾಂ ಕಣ್ಣು ಮುಚ್ಚಿ ಬರೆಯಬಲ್ಲೆ. ‘ನಿಗದಿತ ಶುಲ್ಕ’ ಯಾವುದರ ಮೇಲೆ ಲೆಕ್ಕವಾಗುತ್ತದೆ ಎಂದು ಕೇಳಿದ್ದರೆ ತಡಬಡಾಯಿಸುತ್ತಿದ್ದೆ.

ಬಿಲ್ ಇಳಿಸಲು ಕಾಕಾ ಅಷ್ಟರಲ್ಲಿ ಒಂದು ಪ್ರಯತ್ನ ಮಾಡಿ ಆಗಿತ್ತು. ಯಾರೋ ಮಾರಿ ಹೋದ ‘ಪವರ್ ಸೇವರ್’ ಡಬ್ಬಿ ಗೋಡೆಯ ಸಾಕೆಟ್‌ನಲ್ಲಿ ಹಸಿರು ದೀಪ ಉರಿಸುತ್ತ ಕುಳಿತಿತ್ತು. ಬಿಚ್ಚಿ ನೋಡಿದರೆ ಒಳಗೆ ಒಂದು ಸಣ್ಣ ಕೆಪಾಸಿಟರ್, ದೀಪಕ್ಕೆ ಬೇಕಾದ ನಾಲ್ಕು ಬಿಡಿಭಾಗ, ಅಷ್ಟೇ. ಇಂಥ ಡಬ್ಬಿ ನಮ್ಮ ಎಷ್ಟೋ ಅಂಗಡಿಗಳಲ್ಲಿ, ಮನೆಗಳಲ್ಲಿ ಇದೆ. ಅದು ಏಕೆ ಕೆಲಸ ಮಾಡುವುದಿಲ್ಲ ಎಂದು ಕಾಕಾನಿಗೆ ಚಹಾದ ಲೋಟ ತೋರಿಸಿ ಹೇಳಿದೆ. ನೊರೆ ಜಾಸ್ತಿ ಇದ್ದರೆ ಲೋಟ ದೊಡ್ಡದು ಬೇಕಾಗುತ್ತದೆ, ಆದರೆ ಕುಡಿಯುವ ಚಹಾ ಅಷ್ಟೇ. ಕೆಪಾಸಿಟರ್ ನೊರೆ ಕಡಿಮೆ ಮಾಡುತ್ತದೆ. ಯೂನಿಟ್ ಎಣಿಸುವ ಮೀಟರ್ ಲೆಕ್ಕ ಹಾಕುವುದು ಚಹಾವನ್ನು. ಮೋಟಾರ್ ಹೆಚ್ಚಿರುವ ಕಡೆ ಪವರ್ ಫ್ಯಾಕ್ಟರ್ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಬಿಲ್ಲಿನಲ್ಲಿ ದಂಡ ಬೀಳುತ್ತದೆ, ಅದು ನಿಜ. ಆ ದಂಡ ತಪ್ಪಿಸಲು ಮೋಟಾರಿನ ಅಳತೆಗೆ ತಕ್ಕ ಕೆಪಾಸಿಟರ್ ಹಾಕಿಸಬೇಕು. ಅಂಗೈ ಅಗಲದ ಡಬ್ಬಿಯಿಂದ ಅದೂ ಆಗದು.

ಕಾಕಾನ ಬಿಲ್ಲಿನಲ್ಲಿ ದಂಡವಿರಲಿಲ್ಲ, ಯೂನಿಟ್ಟೇ ಹೆಚ್ಚಿತ್ತು. ಹಾಗಾದರೆ ಕರೆಂಟ್ ಹೋಗುತ್ತಿದ್ದುದು ಎಲ್ಲಿಗೆ?

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಊಟಕ್ಕೆ ಕುಳಿತಿದ್ದರು. ಯಾವ ಮಷಿನ್ನೂ ಓಡುತ್ತಿರಲಿಲ್ಲ. ಆದರೂ ಮೂಲೆಯ ಕಂಪ್ರೆಸರ್ ಆಗಾಗ ತಾನಾಗಿ ಶುರುವಾಗಿ ಗಡಗಡ ಎಂದು ನಿಲ್ಲುತ್ತಿತ್ತು. ಗಾಳಿ ಬಳಸುವವರೇ ಇಲ್ಲದಾಗ ಅದು ತುಂಬುತ್ತಿರುವುದು ಯಾರಿಗೆ? ಮೊಬೈಲಿನ ಸ್ಟಾಪ್‌ವಾಚ್ ಹಿಡಿದೆ. 2 ನಿಮಿಷ ಓಡುತ್ತದೆ, 6 ನಿಮಿಷ ನಿಲ್ಲುತ್ತದೆ, ಮತ್ತೆ 2 ನಿಮಿಷ ಓಡುತ್ತದೆ. ಓಡಿದ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಸೋರಿಕೆಯ ಪ್ರಮಾಣ ಸಿಗುತ್ತದೆ: 8 ನಿಮಿಷದಲ್ಲಿ 2, ಅಂದರೆ ಶೇ 25. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ನಿರ್ವಹಣೆ ಸರಿಯಿಲ್ಲದ ಕಡೆ ಶೇ 20ರಿಂದ 30ರಷ್ಟು ಗಾಳಿ ಸೋರುವುದು ಸಾಮಾನ್ಯ ಎಂದು ಪುಸ್ತಕದಲ್ಲಿ ಓದಿದ್ದೆ. ಕಾಕಾನ ವರ್ಕ್‌ಶಾಪ್ ಪುಸ್ತಕದ ಮಾತಿನಂತೆಯೇ ನಡೆಯುತ್ತಿತ್ತು.

ದುಡ್ಡಿನಲ್ಲಿ ಇದು ಎಷ್ಟಾಗುತ್ತದೆ ನೋಡಿ. 5 ಎಚ್‌ಪಿ ಮೋಟಾರ್ ಓಡುವಾಗ ಸುಮಾರು 4 ಕಿಲೋವ್ಯಾಟ್ ಎಳೆಯುತ್ತದೆ. ದಿನಕ್ಕೆ 10 ಗಂಟೆ ಸ್ವಿಚ್ ಹಾಕಿಟ್ಟರೆ, ಸೋರಿಕೆಯೊಂದಕ್ಕೇ ದಿನಕ್ಕೆ 10 ಯೂನಿಟ್. ತಿಂಗಳಿಗೆ 26 ದಿನ ಕೆಲಸ, 260 ಯೂನಿಟ್. ತೆರಿಗೆ ಸೇರಿ ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ ₹1,560. ಕಾಕಾ ಸಿಗರೇಟು ಪ್ಯಾಕಿನ ಹಿಂಭಾಗದಲ್ಲಿ ತಾವೇ ಇನ್ನೊಮ್ಮೆ ಲೆಕ್ಕ ಮಾಡಿದರು. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಮುಂದಿನದು ಸೋಪಿನ ನೀರಿನ ಕೆಲಸ. ಬಟ್ಟೆ ಸೋಪನ್ನು ನೀರಿನಲ್ಲಿ ಕದಡಿ, ಹಳೆಯ ಬ್ರಷ್‌ನಿಂದ ಪೈಪಿನ ಪ್ರತಿ ಕೀಲಿಗೆ ಹಚ್ಚುತ್ತ ಹೋದೆವು. ಗುಳ್ಳೆ ಎದ್ದಲ್ಲಿ ಚಾಕ್‌ಪೀಸಿನ ಗುರುತು. ಒಟ್ಟು 11 ಗುರುತು ಬಿದ್ದವು. ಹೆಚ್ಚಿನವು ಹೋಸ್ ಪೈಪ್ ಸಿಕ್ಕಿಸುವ ಕಪ್ಲರ್‌ಗಳಲ್ಲಿದ್ದವು. ಎಲ್ಲಕ್ಕಿಂತ ದೊಡ್ಡದು ಮಾತ್ರ ಸೋರಿಕೆಯೇ ಅಲ್ಲ. ಟ್ಯಾಂಕಿನ ತಳದಲ್ಲಿ ನೀರು ಬಿಡುವ ನಲ್ಲಿಯನ್ನು ಯಾರೋ ಬೇಕೆಂದೇ ಒಂಚೂರು ತೆರೆದಿಟ್ಟಿದ್ದರು, ದಿನಾ ಬಗ್ಗಿ ನೀರು ಬಿಡುವ ತಾಪತ್ರಯ ಬೇಡವೆಂದು. ಹಗಲಿಡೀ ಅಲ್ಲಿಂದ ಗಾಳಿ ಬುಸ್ಸೆನ್ನುತ್ತಿತ್ತು, ಲೇತಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ಟೆಫ್ಲಾನ್ ಟೇಪ್, ಕ್ಲಿಪ್, ಮೂರು ಹೊಸ ಕಪ್ಲರ್. ₹900 ದಾಟಲಿಲ್ಲ. ಒತ್ತಡವನ್ನೂ ಇಳಿಸಿದೆವು. ಅವರ ಸಲಕರಣೆಗಳಿಗೆ 6 ಬಾರ್ ಸಾಕು, ಕಂಪ್ರೆಸರ್ 8ಕ್ಕೆ ನಿಲ್ಲುವಂತೆ ಇಟ್ಟಿದ್ದರು. ಒಂದೊಂದು ಬಾರ್ ಇಳಿಸಿದರೂ ಶೇ 6–7ರಷ್ಟು ವಿದ್ಯುತ್ ಉಳಿಯುತ್ತದೆ. ಸಂಜೆ ಮನೆಗೆ ಹೊರಡುವಾಗ ಏರ್ ಗನ್‌ನಿಂದ ನೆಲದ ಕಸ ಊದುವ, ಅಂಗಿಯ ಧೂಳು ಕೊಡವುವ ಅಭ್ಯಾಸವೂ ಅಲ್ಲಿತ್ತು. ಗಾಳಿ ಒತ್ತಲು ಖರ್ಚು ಮಾಡಿದ ವಿದ್ಯುತ್ತಿನ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಅಷ್ಟು ದುಬಾರಿ ಗಾಳಿಯಲ್ಲಿ ಕಸ ಗುಡಿಸುತ್ತಿದ್ದರು. ಕಣ್ಣಿಗೂ ಅಪಾಯ. ಈಗ ಒಂದು ಕಸಬರಿಗೆ ಬಂದಿದೆ, ಆದರೂ ಹುಡುಗರು ಕಾಕಾ ಇಲ್ಲದಾಗ ಗನ್ನನ್ನೇ ಹಿಡಿಯುತ್ತಾರೆ ಎಂದು ಕೇಳಿದ್ದೇನೆ.

ಮತ್ತೆ ಗಡಿಯಾರ ಹಿಡಿದಾಗ ಕಂಪ್ರೆಸರ್ 40 ಸೆಕೆಂಡ್ ಓಡಿ 8 ನಿಮಿಷ ಸುಮ್ಮನಿತ್ತು. ಮರು ತಿಂಗಳ ಬಿಲ್ಲಿನಲ್ಲಿ 210 ಯೂನಿಟ್ ಕಡಿಮೆಯಾಗಿತ್ತು. ಆ ತಿಂಗಳು ಕೆಲಸವೂ ಸ್ವಲ್ಪ ಕಡಿಮೆ ಇತ್ತು, ಆದ್ದರಿಂದ ಪೂರ್ತಿ ಶ್ರೇಯಸ್ಸು ನನಗೆ ಬೇಡ.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಸಣ್ಣ ಉದ್ಯಮದವರು ವಿದ್ಯುತ್ ಉಳಿಸುವ ಸಲಹೆ ಕೇಳಿದರೆ ಅವರಿಗೆ ಸಿಗುವ ಉತ್ತರ ‘ಸೋಲಾರ್ ಹಾಕಿಸಿ’, ‘ಹೊಸ ಮಷಿನ್ ತಗೊಳ್ಳಿ’. ಸೋಲಾರ್ ಒಳ್ಳೆಯದೇ. ಆದರೆ ತೂತಿರುವ ಕೊಡಕ್ಕೆ ಹೊಸ ಬಾವಿ ತೋಡಿಸಿ ಏನು ಪ್ರಯೋಜನ? ಲಕ್ಷಗಟ್ಟಲೆ ಸಾಲ ಮಾಡುವ ಮೊದಲು ಸಾವಿರ ರೂಪಾಯಿಯಲ್ಲಿ ಆಗುವುದನ್ನು ಮಾಡಿ ಮುಗಿಸಬೇಕು. ಅದು ಒಂದೊಂದು ಕಸುಬಿನಲ್ಲಿ ಒಂದೊಂದು ಕಡೆ ಅಡಗಿರುತ್ತದೆ. ಹಿಟ್ಟಿನ ಗಿರಣಿಯಲ್ಲಿ ಸಡಿಲವಾಗಿ ಜಾರುವ ಬೆಲ್ಟ್. ಬೇಕರಿಯಲ್ಲಿ ಫ್ರಿಜ್ ಬಾಗಿಲಿನ ಹಳೆಯ ರಬ್ಬರ್; ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ತಂಪೂ ಹಾಗೆಯೇ ಹೊರಗೆ ಹೋಗುತ್ತಿದೆ ಎಂದರ್ಥ. ಸಿದ್ಧ ಉಡುಪಿನ ಸಣ್ಣ ಘಟಕಗಳಲ್ಲಿ ಕ್ಲಚ್ ಮೋಟಾರಿನ ಹೊಲಿಗೆ ಯಂತ್ರ, ಹೊಲಿಯದಿದ್ದಾಗಲೂ ಮೋಟಾರ್ ತಿರುಗುತ್ತಲೇ ಇರುತ್ತದೆ. ಸರ್ವೋ ಮೋಟಾರ್ ಆದರೆ ಪೆಡಲ್ ಒತ್ತಿದಾಗ ಮಾತ್ರ. ಖಾನಾವಳಿಯಲ್ಲಿ 75 ವ್ಯಾಟ್‌ನ ಫ್ಯಾನ್ ತೆಗೆದು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ 12 ಗಂಟೆಯ ಲೆಕ್ಕದಲ್ಲಿ ಒಂದು ಫ್ಯಾನ್ ವರ್ಷಕ್ಕೆ ಸುಮಾರು 200 ಯೂನಿಟ್ ಉಳಿಸುತ್ತದೆ.

ಕಾಕಾನ ವಿಷಯದಲ್ಲಿ ಇನ್ನೊಂದು ಇತ್ತು. ಹಳೆಯ ಶೇಪಿಂಗ್ ಮಷಿನ್ ಮಾರಿ ಮೂರು ವರ್ಷವಾದರೂ ಮಂಜೂರಾದ ಲೋಡ್ ಮೊದಲಿನಷ್ಟೇ ಉಳಿದಿತ್ತು. ನಿಗದಿತ ಶುಲ್ಕ ಬೀಳುವುದು ಆ ಲೋಡಿನ ಮೇಲೆ. ಲೋಡ್ ಇಳಿಸಲು ಅರ್ಜಿ ಕೊಟ್ಟಿದ್ದಾರೆ. ಇದರಿಂದ ದುಡ್ಡು ಉಳಿಯುತ್ತದೆ, ವಿದ್ಯುತ್ ಅಲ್ಲ. ಎರಡೂ ಒಂದೇ ಎಂದು ನಾನೂ ಭಾವಿಸಿದ್ದೆ.

ನಮ್ಮ ದೇಶದಲ್ಲಿ 2001ರಿಂದಲೇ ಇಂಧನ ಸಂರಕ್ಷಣಾ ಕಾಯ್ದೆ ಇದೆ. ಅದರ ಪ್ರಕಾರ ದೊಡ್ಡ ಸಿಮೆಂಟ್, ಉಕ್ಕಿನ ಕಾರ್ಖಾನೆಗಳಂಥ ಗುರುತಿಸಿದ ಗ್ರಾಹಕರು ಇಂಧನ ಲೆಕ್ಕಪರಿಶೋಧನೆ ಮಾಡಿಸಲೇಬೇಕು. ಗೋಕುಲ ರಸ್ತೆಯ ಲೇತಿನವರಿಗೆ ಅಂಥ ಕಡ್ಡಾಯವಿಲ್ಲ, ಪರಿಶೋಧಕರನ್ನು ಕರೆಸುವ ತಾಕತ್ತೂ ಇಲ್ಲ. ಈ ಜಾಗ ತುಂಬಬೇಕಾದವರು ನಾವು. ಕಾಲೇಜಿನಲ್ಲಿ ಸಮಾಜಸೇವೆಯ ಅಂಕಕ್ಕಾಗಿ ನಮ್ಮ ತಂಡ ಸಸಿ ನೆಟ್ಟು ಫೋಟೊ ತೆಗೆಸಿಕೊಂಡಿತು. ಆ ಸಸಿಗಳಿಗೆ ಆಮೇಲೆ ಯಾರು ನೀರು ಹಾಕಿದರೋ ನನಗೆ ಗೊತ್ತಿಲ್ಲ. ಮಿನಿ ಪ್ರಾಜೆಕ್ಟ್‌ಗಳನ್ನು ಅಂಗಡಿಯಿಂದ ಸಿದ್ಧವಾಗಿ ತರುವವರೂ ನಮ್ಮಲ್ಲಿ ಇದ್ದಾರೆ. ಅದರ ಬದಲು ನಾಲ್ಕು ವಿದ್ಯಾರ್ಥಿಗಳಿಗೆ ಒಂದು ಗಿರಣಿಯನ್ನೋ ಗ್ಯಾರೇಜನ್ನೋ ವಹಿಸಲಿ, ಒಂದು ವರ್ಷದ ಬಿಲ್ ಓದಿಸಲಿ, ಉಳಿಸಿದ ಯೂನಿಟ್‌ಗೆ ಅಂಕ ಕೊಡಲಿ.

ಸಂಜೆಯ ಹುಡುಗ ಇನ್ನೂ ಕೆಲಸಕ್ಕೆ ಬರುತ್ತಿದ್ದಾನೆ. ಪಕ್ಕದ ಗಿರಣಿಯವರು ‘ನಮ್ಮಲ್ಲೂ ನೋಡವಾ’ ಎಂದು ಎರಡು ಸಲ ಹೇಳಿ ಕಳಿಸಿದ್ದಾರೆ. ಅಲ್ಲಿ ಸೋಪಿನ ನೀರು ಸಾಲದು, ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ನೋಡಲು ಕ್ಲಾಂಪ್ ಮೀಟರ್ ಬೇಕು. ನಮ್ಮ ಲ್ಯಾಬಿನ ಬೀರುವಿನಲ್ಲಿ ಆರು ಇವೆ, ಹೊರಗೆ ಕೊಡುವ ನಿಯಮವಿಲ್ಲವಂತೆ. ಶನಿವಾರ ಒಯ್ದು ಸೋಮವಾರ ತಂದಿಡುತ್ತೇವೆ ಎಂದು ನಾವು ಐವರು ಸಹಿ ಹಾಕಿ ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟಿದ್ದೇವೆ.